ಬಾದಾಮಿ ಕಡೆ ಒಂದು ದಿನ: ಮೊದಲು ಐಹೊಳೆ, ಕೊನೆಗೆ ಬಾದಾಮಿ

ಬಾದಾಮಿಗೆ ಹೋದವರು ಸಾಮಾನ್ಯವಾಗಿ ಬೆಳಿಗ್ಗೆ ಎದ್ದವರೇ ಗುಹೆ ಹತ್ತುತ್ತಾರೆ. ಆಮೇಲೆ ಪಟ್ಟದಕಲ್ಲು, ಹೊತ್ತು ಉಳಿದರೆ ಐಹೊಳೆ. ಮೊದಲ ಸಲ ನಾವೂ ಹಾಗೇ ಮಾಡಿದೆವು. ಐಹೊಳೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು, ಮಕ್ಕಳು ಸುಸ್ತಾಗಿದ್ದರು. ದುರ್ಗ ಗುಡಿಗೆ ಒಂದು ಸುತ್ತು ಹಾಕಿ ವಾಪಸ್ ಬಂದೆವು. ಮೇಗುಟಿ ಗುಡ್ಡ ಹತ್ತಲೇ ಇಲ್ಲ, ಅದು ತುಂಬಾ ದಿನ ಮನಸ್ಸಿನಲ್ಲಿ ಕೊರೆಯಿತು. ಮುಂದಿನ ಸಲ ದಾರಿಯನ್ನೇ ತಿರುಗಿಸಿದೆ. ಈಗ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ: ದೂರದ್ದು ಮೊದಲು, ಬಾದಾಮಿ ಕೊನೆಗೆ.

ಹಿಂದಿನ ರಾತ್ರಿಯೇ ಬಾದಾಮಿಗೆ ಬಂದು ಉಳಿದುಕೊಳ್ಳಿ. ರೈಲಿನಲ್ಲಿ ಬರುವವರಿಗೆ ಒಂದು ಮಾತು, ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ, ಆಟೋ ಬೇಕಾಗುತ್ತದೆ. ಮರುದಿನಕ್ಕೆ ಕಾರನ್ನು ರಾತ್ರಿಯೇ ಮಾತಾಡಿಕೊಳ್ಳಿ. ಬಸ್ಸುಗಳಿವೆ, ಆದರೆ ಬಸ್ಸನ್ನೇ ನಂಬಿದರೆ ಒಂದೇ ದಿನದಲ್ಲಿ ಇಷ್ಟೂ ಮುಗಿಯುವುದಿಲ್ಲ. ಐಹೊಳೆ ಮತ್ತು ಬಾದಾಮಿಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, ಅವನ್ನೂ ನೋಡಬೇಕೆಂದಿದ್ದರೆ ಬೇರೆ ದಿನ ಇಟ್ಟುಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್ ಮೇ ಬೇಡ, ಆ ಬಂಡೆಗಳ ಕಾವಿನಲ್ಲಿ ನಿಲ್ಲುವುದಕ್ಕೇ ಆಗುವುದಿಲ್ಲ.

ಇನ್ನು ಗೈಡ್ ವಿಷಯ. ಗೈಡ್ ಇಲ್ಲದೆ ಹೋಗಬೇಡಿ ಅಂತಲೇ ನನ್ನ ಸಲಹೆ. ದುಡ್ಡು ಉಳಿಸಲಿಕ್ಕೆ ನಾವು ಮೊದಲು ಬಿಡುವುದು ಗೈಡನ್ನೇ ಅಲ್ವಾ? ಆಮೇಲೆ ಎಲ್ಲ ಗುಡಿಯೂ ಒಂದೇ ಥರ ಕಾಣುತ್ತದೆ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರನ್ನು ಹಿಡಿಯಿರಿ. ಮೂರೂ ಊರಿಗೆ ಸೇರಿಸಿ ಎಷ್ಟು ಅಂತ ಹತ್ತುವ ಮುಂಚೆಯೇ ಕೇಳಿ. ಕನ್ನಡದಲ್ಲೇ ಹೇಳಿ ಅನ್ನಿ, ಅವರ ಮಾತಿನ ರುಚಿ ಇರುವುದು ಅದರಲ್ಲೇ. ಇನ್ನೊಂದು, "ಎಲ್ಲಾ ತೋರಿಸಿ" ಅನ್ನಬೇಡಿ. "ಕಡಿಮೆ ತೋರಿಸ್ರಿ, ನಿಧಾನ ತೋರಿಸ್ರಿ, ಹೊಲದ ಹತ್ರ ಗಾಡಿ ನಿಲ್ಲಿಸ್ರಿ" ಅನ್ನಿ. ಇಷ್ಟು ಹೇಳಿದ ಮೇಲೆ ನಮ್ಮ ಗೈಡ್ ಬೇರೆಯೇ ಮನುಷ್ಯರಾಗಿಬಿಟ್ಟರು. ದಾರಿಯಲ್ಲಿ ಇಳಿಸಿ ಜೋಳ ಯಾವುದು, ಕುಸುಬೆ ಯಾವುದು ಅಂತ ಮಕ್ಕಳ ಕೈಯಲ್ಲಿ ಮುಟ್ಟಿಸಿ ತೋರಿಸಿದರು. ಜೋಳ ಹಾಲುಗಾಳಾಗುವ ಹೊತ್ತಿಗೆ ಹೋದರೆ ಸೀತನಿ ಸಿಗುತ್ತದಾ ಕೇಳಿ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕೊಡುತ್ತಾರೆ.

ಬೆಳಿಗ್ಗೆ ಆರೂವರೆಗೆ ಹೊರಡಿ. ಐಹೊಳೆ ಸುಮಾರು 35 ಕಿಲೋಮೀಟರ್. ದುರ್ಗ ಗುಡಿಯ ಹಿಂಭಾಗ ದುಂಡಗೆ, ಆನೆಯ ಬೆನ್ನಿನ ಹಾಗಿದೆ. ಹೆಸರು ಬಂದಿದ್ದು ದುರ್ಗಾದೇವಿಯಿಂದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ. ಹೊರಗಿನ ಮೊಗಸಾಲೆಯಲ್ಲಿ ಒಂದೊಂದೇ ಮೂರ್ತಿ ನೋಡುತ್ತಾ ನಡೆಯಿರಿ. ಲಾಡಖಾನ್ ಗುಡಿ ಅಂತ ಇದೆಯಲ್ಲ, ಅಲ್ಲಿ ಒಂದು ಕಾಲದಲ್ಲಿ ವಾಸವಿದ್ದವನ ಹೆಸರು ಅದು. ರಾವಣಫಡಿ ಗುಹೆಯನ್ನು ಬಿಡಬೇಡಿ. ಸ್ವಲ್ಪ ಆಚೆಗಿದೆ ಅಂತ ಜಾಸ್ತಿ ಜನ ಹೋಗುವುದಿಲ್ಲ. ಒಳಗೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಸಪ್ತಮಾತೃಕೆಯರು.

ಆಮೇಲೆ ಬಿಸಿಲು ಏರುವ ಮುಂಚೆ ಮೇಗುಟಿ ಹತ್ತಿ. 634ರ ಶಾಸನ ಅಲ್ಲಿದೆ. ರವಿಕೀರ್ತಿ ಬರೆದದ್ದು, ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಹೊಗಳಿಕೆ. ಪುಲಕೇಶಿಗೆ ಸೋತ ಉತ್ತರದ ರಾಜ ಹರ್ಷನ ಹರ್ಷವೇ ಹೋಯಿತು ಅಂತ ಅದರಲ್ಲಿ ಒಂದು ಮಾತಿನ ಆಟ ಇದೆ. ಗೈಡ್ ಅದನ್ನು ಬಿಡಿಸಿ ಹೇಳಿದಾಗ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಇಸವಿಗೆ ಜೀವ ಬಂದ ಹಾಗಾಯಿತು.

ಅಲ್ಲಿಂದ ಪಟ್ಟದಕಲ್ಲು ಹತ್ತಿರವೇ. 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇಲ್ಲಿ ಶಿಖರಗಳನ್ನು ನೋಡಿ. ಕಾಶಿ ವಿಶ್ವನಾಥ ಗುಡಿಯದು ಉತ್ತರದ ನಾಗರ ಶೈಲಿ, ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿಯದು ದ್ರಾವಿಡ. ಇವೆರಡರ ನಡುವೆ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದರೆ ಸಾಕು, ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ಹೊತ್ತನ್ನು ವಿರೂಪಾಕ್ಷ ಗುಡಿಗೆ ಇಡಿ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಗೆದ್ದವನು ಕಂಚಿಯ ಕೈಲಾಸನಾಥ ಗುಡಿಯನ್ನು ಕೊಳ್ಳೆ ಹೊಡೆಯಲಿಲ್ಲ, ಅಲ್ಲೊಂದು ಕನ್ನಡ ಶಾಸನ ಹಾಕಿಸಿ ಬಂದ. ನನಗೆ ಈ ರಾಜನ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ. ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಕಲ್ಲಿನಲ್ಲಿ ಉಳಿದಿದೆ, ಎಲ್ಲಿ ಅಂತ ಕೇಳಿ ನೋಡಿ. ಹಿಂದೆಯೇ ಮಲಪ್ರಭಾ ಹರಿಯುತ್ತದೆ. 2019ರ ಮಳೆಯಲ್ಲಿ ಇದೇ ಹೊಳೆ ಉಕ್ಕಿ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತ್ತು.

ಬಾದಾಮಿಗೆ ತಿರುಗುವ ದಾರಿಯಲ್ಲಿ ಮಹಾಕೂಟ. ಬುಗ್ಗೆಯ ನೀರಿನ ಪುಷ್ಕರಣಿ, ಸುತ್ತ ಮರಗಳ ನೆರಳು. ಮಕ್ಕಳಿದ್ದರೆ ಬಟ್ಟೆ ಜೊತೆಗೆ ಇಟ್ಟುಕೊಳ್ಳಿ, ನೀರು ನೋಡಿದ ಮೇಲೆ ಅವರು ಸುಮ್ನೆ ಇರುವುದಿಲ್ಲ.

ಊಟಕ್ಕೆ ಹೋಟೆಲ್ ಬೇಡ, ಬನಶಂಕರಿಗೆ ಹೋಗಿ. ಬಾದಾಮಿಯಿಂದ 5 ಕಿಲೋಮೀಟರ್. ಗುಡಿಯ ಎದುರಿನ ಹೊಂಡದ ಕಡೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಿಗುತ್ತದೆ. "ಯವ್ವಾ, ಇನ್ನೊಂದ್ ರೊಟ್ಟಿ ಕೊಡ್ರಿ" ಅಂದರೆ ಮೇಲೆ ಒಂದಿಷ್ಟು ಚಟ್ನಿಯೂ ಬೀಳುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ, ಚೌಕಾಸಿ ಮಾಡಬೇಡಿ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿನಲ್ಲಿ ಮಾತ್ರ ಈ ಪ್ಲಾನ್ ನಡೆಯುವುದಿಲ್ಲ, ಅಷ್ಟು ಜನ. ಆಗ ತೇರು, ನಾಟಕ ಅಂತಲೇ ಬೇರೆಯಾಗಿ ಬನ್ನಿ.

ಮೂರೂವರೆಗೆ ಬಾದಾಮಿಯ ಗುಹೆಗಳು. ಸಂಜೆ ಎಷ್ಟಕ್ಕೆ ಮುಚ್ಚುತ್ತಾರೆ ಅಂತ ಬೆಳಿಗ್ಗೆಯೇ ವಿಚಾರಿಸಿಟ್ಟುಕೊಳ್ಳಿ. ಕೈಯಲ್ಲಿ ತಿಂಡಿ, ಕವರ್ ಯಾವುದೂ ಬೇಡ, ಮಂಗಗಳು ಕಿತ್ತುಕೊಳ್ಳುತ್ತವೆ. ಮೊದಲನೆಯ ಗುಹೆಯಲ್ಲಿ 18 ಕೈಗಳ ನಟರಾಜ. ಮೂರನೆಯದು ದೊಡ್ಡದು, 578ರಲ್ಲಿ ಚಾಲುಕ್ಯರ ಮಂಗಲೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ್ದು. ಸುಸ್ತಾಗಿದ್ದರೆ ಎರಡನೆಯದನ್ನು ಬೇಗ ಮುಗಿಸಿ ಇಲ್ಲಿ ಕೂತುಬಿಡಿ. ತಲೆ ಎತ್ತಿ ಕಂಬದ ಮೇಲಿನ ಜೋಡಿಗಳನ್ನು ನೋಡಿ. ನಾಲ್ಕನೆಯದು ಜೈನರದು, ಅಲ್ಲಿಂದ ಅಗಸ್ತ್ಯ ತೀರ್ಥದ ಕೆರೆ ಪೂರ್ತಿ ಕಾಣುತ್ತದೆ.

ಇಳಿದು, ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಿರಿ. ಬಾದಾಮಿಯನ್ನು ಕೊನೆಗೆ ಇಡಿ ಅಂದಿದ್ದು ಈ ಹೊತ್ತಿಗಾಗಿ. ಸಂಜೆ ಬಿಸಿಲು ಬಿದ್ದಾಗ ಆ ಕೆಂಪು ಬಂಡೆ ಇಡೀ ಇಡೀ ಹೊಳೆಯುತ್ತದೆ, ಕೆಳಗೆ ನೀರಿನಲ್ಲೂ ಅದೇ ಬಣ್ಣ. ಕತ್ತಲಾಗುವ ಮುಂಚೆ ಕಪ್ಪೆ ಅರಭಟ್ಟನ ಶಾಸನ ತೋರಿಸಿ ಅಂತ ಗೈಡ್‌ಗೆ ನೆನಪಿಸಿ. ಕನ್ನಡ ತ್ರಿಪದಿ ಮೊದಲು ಸಿಗುವುದು ಅದರಲ್ಲೇ. ಮಕ್ಕಳನ್ನು ಮುಂದೆ ನಿಲ್ಲಿಸಿ, "ಸಾಧುಗೆ ಸಾಧು" ಅಂತ ಗೈಡ್ ಓದುವಾಗ ಅವರ ಮುಖ ನೋಡಿ. ನನ್ನ ಮಗಳು ಅರ್ಥ ಕೇಳಲೇ ಇಲ್ಲ, "ಇದು ನಮ್ಮ ಕನ್ನಡಾನೇ ಅಲ್ವಾ?" ಅಂದಳು.