ಆಣೆ ಮಾಡಿಸಬೇಡಿ, ಫೋನ್ ಮಾಡಲಿ

ದಾವಣಗೆರೆಯಲ್ಲಿ ನಾನು ಆಪ್ತಸಮಾಲೋಚಕಿ. ಕುಡಿತ, ಗಾಂಜಾ, ಪಂಕ್ಚರ್ ಸೊಲ್ಯೂಶನ್ ಮೂಸೋದು ಅಂತ ಬರುವ ಹುಡುಗರ ಜೊತೆ ಕೆಲಸ. ಆದರೆ ಅವರಿಗಿಂತ ಅಪ್ಪ ಅಮ್ಮಂದಿರ ಜೊತೆಗೇ ಜಾಸ್ತಿ ಹೊತ್ತು ಹೋಗುತ್ತದೆ.

ನನ್ನ ಹತ್ತಿರ ಬರುವಷ್ಟರಲ್ಲಿ ಬಹಳ ಮನೆಗಳಲ್ಲಿ ಆಣೆ ಮಾಡಿಸಿ ಆಗಿರುತ್ತದೆ. ಧರ್ಮಸ್ಥಳದ ಮಂಜುನಾಥನ ಮೇಲೆ, ಇಲ್ಲಾ ಅಮ್ಮನ ತಲೆ ಮುಟ್ಟಿ. ಆಣೆ ಮುರಿದ ಮೇಲೆ ಹುಡುಗ ಮನೆಯವರ ಕಣ್ಣು ತಪ್ಪಿಸಿ ಓಡಾಡುತ್ತಾನೆ. ಕುಡಿದು ಎಲ್ಲೋ ಬಿದ್ದರೂ ಫೋನ್ ಮಾಡಲು ಹೆದರುತ್ತಾನೆ. ಹಾಗಾಗಿ ನಾನು ಮೊದಲು ಜೀವ ಹೋಗುವಂಥ ಅಪಾಯಗಳ ಬಗ್ಗೆ ಮಾತು ತೆಗೆಯುತ್ತೇನೆ. ಬಿಡಿಸುವ ವಿಷಯ ಆಮೇಲೆ.

ಪಿಯುಸಿ ಓದುವ ಹುಡುಗನ ತಂದೆಯೊಬ್ಬರು ಸಿಟ್ಟಿನಿಂದಲೇ ಕೇಳಿದ್ದರು: “ಹಾಗಾದ್ರೆ ಕುಡಿಯೋಕೆ ಪರ್ಮಿಷನ್ ಕೊಡ್ಬೇಕಾ ಮೇಡಂ?”

“ಇಲ್ಲ ಸಾರ್. ನಿಮಗೆ ಇಷ್ಟ ಇಲ್ಲ ಅಂತ ಖಡಕ್ಕಾಗೇ ಹೇಳಿ. ಜೊತೆಗೆ ಇದನ್ನೂ ಹೇಳಿ: ಕುಡಿದಿದ್ರೆ ಬೈಕ್ ಮುಟ್ಟಬೇಡ, ಕುಡಿದವನ ಹಿಂದೆನೂ ಕೂರಬೇಡ. ಎಷ್ಟೊತ್ತಾದ್ರೂ ಫೋನ್ ಮಾಡು, ನಾನೇ ಬರ್ತೀನಿ. ಬೈಗುಳ ಏನಿದ್ರೂ ನಾಳೆ ತಿಂಡಿ ಆದ್ಮೇಲೆ.”

ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಒಂದು ರಾತ್ರಿ ಫೋನ್ ಬಂದಾಗ ಹೋದರು. ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿರೋದೇ ಕಷ್ಟವಾಯ್ತು ಅಂದರು. ಮಗ ಆಮೇಲೂ ಕುಡಿದಿದ್ದಾನೆ. ಆದರೆ ಯಾರ ಜೊತೆ, ಎಲ್ಲಿ, ಎಷ್ಟು ಅಂತ ಈಗ ಅಪ್ಪನಿಗೆ ಗೊತ್ತಿರುತ್ತದೆ. ಕಮ್ಮಿ ಮಾಡಿಸುವ ಮಾತು ಅಲ್ಲಿಂದಲೇ ಶುರುವಾಗಿದ್ದು. “ಹೊರಗೆ ಯಾಕೆ, ಮನೆಯಲ್ಲೇ ನಾವೇ ಕೊಡ್ತೀವಿ” ಅನ್ನುವವರೂ ಇದ್ದಾರೆ. ಅದಕ್ಕೆ ನಾನು ಸುತಾರಾಂ ಒಪ್ಪಲ್ಲ. 18 ತುಂಬದವರಿಗೆ ಕುಡಿಯಲು ಕೊಡುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ ಕೂಡ.

ವಿಪರೀತ ಕುಡಿದು ಬಂದ ಮಗನಿಗೆ ಮಜ್ಜಿಗೆ, ನಿಂಬೆರಸ ಕುಡಿಸಬೇಡಿ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಸಿರುನಾಳಕ್ಕೆ ಹೋದರೆ ಕಷ್ಟ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ರೂಮಿನ ಬಾಗಿಲು ಹಾಕಿ ಹೋಗಬೇಡಿ. ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಉಸಿರು ತೀರಾ ನಿಧಾನವಾದರೆ, ತಕ್ಷಣ 108.

ಪಂಕ್ಚರ್ ಸೊಲ್ಯೂಶನ್, ವೈಟ್ನರ್ ಮೂಸುವ ಮಕ್ಕಳ ವಿಷಯವೇ ಬೇರೆ. ಬಟ್ಟೆ ಮೂಗಿಗೆ ಹಿಡಿದಿರುವಾಗ ಕೂಗಾಡಿ ಬೆನ್ನಟ್ಟಿದರೆ ಗಾಬರಿಗೆ ಹೃದಯದ ಬಡಿತ ತಪ್ಪಿ ಅಲ್ಲೇ ಸಾಯುವ ಅಪಾಯವಿದೆ. ಮೆಲ್ಲಗೆ ಮಾತಾಡಿಸಿ, ಗಾಳಿಗೆ ಕರೆದುಕೊಂಡು ಬನ್ನಿ. ಬೆಲ್ಟ್ ಬಿಚ್ಚುವ ಅಪ್ಪಂದಿರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ.

ದಿನಾ ಕುಡಿಯುವವನನ್ನು ರೂಮಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಬೇಡ, ಫಿಟ್ಸ್ ಬರಬಹುದು. ಡಾಕ್ಟರ್ ನೋಡಿ ಮಾತ್ರೆ ಕೊಟ್ಟೇ ನಿಲ್ಲಿಸಬೇಕು.

ಗಾಂಜಾ ಸೇದುವವರ ಮನೆಯವರು ತಡವಾಗಿ ಬರುವುದಕ್ಕೆ ಪೊಲೀಸ್ ಭಯವೇ ಕಾರಣ. ವ್ಯಸನಿ ತಾನಾಗೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರಕ್ಕೆ ಬಂದು ಚಿಕಿತ್ಸೆ ಪೂರ್ತಿ ಮಾಡಿದರೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ದುಡ್ಡು ಬೀಳಲ್ಲ.