ಗಿಲಾವು ಬೇಡ ಎನ್ನುವ ಮುನ್ನ: ಕಾರ್ಖಾನೆ ಶೈಲಿಯ ಮನೆ ಕಟ್ಟುವುದು ಹೀಗೆ

ಇಟ್ಟಿಗೆ ಚಿತ್ರದ ವಾಲ್‌ಪೇಪರ್ ಅಂಟಿಸಿ, ಎರಡು ಕಪ್ಪು ದೀಪ ನೇತುಹಾಕಿ ‘ಇಂಡಸ್ಟ್ರಿಯಲ್ ಸ್ಟೈಲ್’ ಎನ್ನುವವರಿದ್ದಾರೆ. ಆದರೆ ಕಾರ್ಖಾನೆ ಕಟ್ಟಿದವರ ಲೆಕ್ಕ ಬೇರೆಯೇ ಇತ್ತು. ಯಂತ್ರಕ್ಕೆ ಕಂಬ ಅಡ್ಡ ಬರಬಾರದು, ಕೈಗೆಲಸಕ್ಕೆ ಬೆಳಕು ಸಾಲಬೇಕು, ಬಿಸಿಗಾಳಿ ಮೇಲೇರಿ ಹೊರಹೋಗಬೇಕು. ನ್ಯೂಯಾರ್ಕ್‌ನ ಸೋಹೋ ಬಡಾವಣೆಯಲ್ಲಿ ಖಾಲಿ ಬಿದ್ದ ಇಂಥ ಕಟ್ಟಡಗಳಿಗೆ ಕಲಾವಿದರು ಹೋಗಿ ಸೇರಿದ್ದೂ ಆ ಜಾಗ, ಆ ಬೆಳಕು, ಕಡಿಮೆ ಬಾಡಿಗೆಗಾಗಿ. ಅವರ ವಾಸವನ್ನು ನಗರಾಡಳಿತ ಕಾನೂನುಬದ್ಧಗೊಳಿಸಿದ್ದು 1971ರಲ್ಲಿ. ಬೆಂಗಳೂರಿನ 30×40 ಸೈಟಿನಲ್ಲಿ ಕಟ್ಟುವವರು ಅಲ್ಲಿಂದ ತರಬೇಕಾದದ್ದೂ ಜಾಗ ಮತ್ತು ಬೆಳಕನ್ನೇ.

ಮೊದಲು ಎತ್ತರ ತೀರ್ಮಾನಿಸಿ. ಮನೆಯಿಡೀ ಎತ್ತರಿಸಬೇಕಿಲ್ಲ. ಹಾಲ್ ಒಂದನ್ನು ಎರಡಂತಸ್ತಿನಷ್ಟು ತೆರೆದಿಟ್ಟು, ಒಂದು ಬದಿಗೆ ಕಬ್ಬಿಣದ ಐ-ಸೆಕ್ಷನ್ (ಇಂಗ್ಲಿಷಿನ I ಆಕಾರದ) ತೊಲೆಗಳ ಮೇಲೆ ಅಟ್ಟ ಕೂರಿಸಿದರೆ ಸಾಕು. ಓದುವ ಕೋಣೆ ಅಲ್ಲೇ ಆಯಿತು. ತೊಲೆಯ ಅಳತೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು, ವೆಲ್ಡಿಂಗ್‌ನವರಲ್ಲ.

ಆಮೇಲೆ ಬೆಳಕು. ಹಳೆಯ ಮಿಲ್ಲುಗಳ ಗರಗಸದ ಹಲ್ಲಿನಂಥ ಮಾಡು ನೋಡಿದ್ದೀರಲ್ಲ? ಅದರ ನೆಟ್ಟನೆಯ ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ, ಬಿಸಿಲು ತಾಗದೆ ಬೆಳಕಷ್ಟೇ ಒಳಬರಲೆಂದು. ಇಂಗ್ಲೆಂಡಿಗೆ ಸರಿಹೋದ ಈ ಉಪಾಯ ನಮ್ಮಲ್ಲಿ ಸ್ವಲ್ಪ ಎಡವುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಸರಿದಿರುತ್ತಾನೆ. ಆದ್ದರಿಂದ ಗಾಜಿನ ಮೇಲೆ ಎರಡಡಿ ಸಜ್ಜಾ, ಬೆಳಿಗ್ಗೆ ಸಂಜೆಯ ಓರೆ ಬಿಸಿಲಿಗೆ ಪಕ್ಕದಲ್ಲಿ ನಿಂತ ಪಟ್ಟಿಗಳು ಬೇಕೇ ಬೇಕು. ಮೇಲೇರಿದ ಬಿಸಿಗಾಳಿ ಹೊರಹೋಗಲು ಗಾಜಿನ ತುದಿಯಲ್ಲಿ ತೆರೆಯುವ ಕಿಂಡಿಗಳಿರಲಿ. ಇಲ್ಲದಿದ್ದರೆ ಎತ್ತರ ಮಾಡಿಸಿದ್ದೇ ದಂಡ.

ಇನ್ನು ಗಿಲಾವು ಮಾಡದೆ ಬೆತ್ತಲೆ ಬಿಡುವ ಕಾಂಕ್ರೀಟು. ಹೆಚ್ಚಿನವರು ಕೈಸುಟ್ಟುಕೊಳ್ಳುವುದು ಇಲ್ಲೇ. ಗಿಲಾವಿನ, ಬಣ್ಣದ ಖರ್ಚು ಉಳಿಯಿತೆಂದು ಹಿಗ್ಗಬೇಡಿ. ಅದು ಸೆಂಟ್ರಿಂಗ್‌ಗೆ, ಅಂದರೆ ಕಾಂಕ್ರೀಟ್ ತುಂಬುವ ಹಲಗೆಯ ಅಚ್ಚಿಗೆ ಹೋಗುತ್ತದೆ. ಹಲಗೆಯಲ್ಲಿ ಏನಿದೆಯೋ ಅದೇ ಗೋಡೆಯಲ್ಲಿ ಅಚ್ಚಾಗುವುದರಿಂದ ನುಣುಪು ಫಿಲ್ಮ್ ಇರುವ ಹೊಸ ಪ್ಲೈವುಡ್ಡೇ ಬೇಕು. ಅದರ ಜೋಡಣೆಯ ಗೆರೆಗಳು ಎಲ್ಲಿ ಬರಬೇಕೆಂದು ನಕ್ಷೆಯಲ್ಲೇ ಗುರುತು ಹಾಕಿ. ಕೆಲಸ ಮುಗಿಯುವವರೆಗೂ ಒಂದೇ ಬ್ರ್ಯಾಂಡಿನ ಸಿಮೆಂಟು. ಒಂದು ಗೋಡೆಗೆ ಕಾಂಕ್ರೀಟ್ ತುಂಬಲು ಶುರು ಮಾಡಿದರೆ ನಡುವೆ ಊಟಕ್ಕೆ ನಿಲ್ಲಿಸುವಂತಿಲ್ಲ, ನಿಂತಲ್ಲಿ ಗೆರೆ ಉಳಿಯುತ್ತದೆ. ಕಾಂಕ್ರೀಟನ್ನು ಅದುರಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್ ಸರಿಯಾಗಿ ಆಡದಿದ್ದರೆ ಜೇನುಗೂಡಿನಂಥ ತೂತು ಬೀಳುತ್ತದೆ, ಆಮೇಲೆ ತೇಪೆ ಹಾಕಿದರೆ ದೂರದಿಂದಲೇ ಕಾಣುತ್ತದೆ. ಹಾಗಾಗಿ ಮೇಸ್ತ್ರಿಯ ಕೈಯಲ್ಲಿ ಮೊದಲು ಮೂರಡಿ ಚೌಕದ ಮಾದರಿ ಗೋಡೆ ಮಾಡಿಸಿ ನೋಡಿ. ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ 10 ದಿನ ಕ್ಯೂರಿಂಗ್ ಆಗಬೇಕು, ಅಂದರೆ ಕಾಂಕ್ರೀಟ್ ಒಣಗದಂತೆ ಒದ್ದೆಯಾಗಿಡಬೇಕು. ಒದ್ದೆ ಗೋಣಿಚೀಲ ಕಲೆ ಬಿಡಬಹುದು, ಪ್ಲಾಸ್ಟಿಕ್ ಹಾಳೆ ಹೊದಿಸುವುದು ವಾಸಿ. ಇಷ್ಟೆಲ್ಲ ಪಾಡು ಬೇಡವೆಂದರೆ ತಾರಸಿಯ ತಳಭಾಗವನ್ನಷ್ಟೇ ಬೆತ್ತಲೆ ಬಿಟ್ಟು ಗೋಡೆಗೆ ಇಟ್ಟಿಗೆ ಹಿಡಿಯಿರಿ. ನನ್ನ ಮತವೂ ಅದೇ.

ಇಟ್ಟಿಗೆ ವೈರ್‌ಕಟ್ (ಯಂತ್ರದಲ್ಲಿ ತಂತಿಯಿಂದ ಕತ್ತರಿಸಿದ್ದು) ಇರಲಿ, ಅಂಚು ಚೂಪಾಗಿರುತ್ತದೆ. ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ್‍ಯಾಟ್‌ಟ್ರ್ಯಾಪ್ ಕಟ್ಟಿನಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಬಿಸಿಯೂ ತಡವಾಗಿ ಒಳಬರುತ್ತದೆ. ನೆಲಕ್ಕೆ ರೆಡ್ ಆಕ್ಸೈಡ್ ಅಥವಾ ಕಡಪ ಕಲ್ಲು. ಅಟ್ಟದ ಮೇಲಿನ ಇಳಿಜಾರಿಗೆ ಮಂಗಳೂರು ಹೆಂಚು ಹೊದಿಸಿದರೆ ಅದೂ ಅಪ್ಪಟ ಕಾರ್ಖಾನೆ ಸರಕೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ.

ವೈರಿಂಗ್ ಹೊರಗೆ ಕಾಣುವುದರಿಂದ ‘ಆಮೇಲೆ ಗೋಡೆ ಒಡೆದು ಪೈಪ್ ಹೂತರಾಯಿತು’ ಎಂಬ ಮಾತೇ ಇಲ್ಲ. ಸ್ವಿಚ್, ದೀಪ, ಏಸಿ ಎಲ್ಲದರ ಜಾಗವನ್ನೂ ಮೋಲ್ಡ್ ಹಾಕುವ ಮೊದಲೇ ನಿಶ್ಚಯಿಸಿ. ಜಿಐ ಪೈಪಿನಲ್ಲಿ ತಂತಿ ಎಳೆದರೆ ಪೈಪಿಗೂ ಅರ್ಥಿಂಗ್ ಕೊಡಿಸಲೇಬೇಕು.

ಎಲ್ಲ ಮುಗಿದ ಮೇಲೆ ಖಾಲಿ ಹಾಲ್‌ನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ದನಿ ಗುಂಯ್‌ಗುಟ್ಟಿದರೆ ದಪ್ಪ ಪರದೆ, ನೆಲಕ್ಕೆ ಜಮಖಾನೆ, ಗೋಡೆಯುದ್ದ ಪುಸ್ತಕದ ಕಪಾಟು ಬೇಕು. ಮಾಡಿಗೆ ಬರಿಯ ತಗಡು ಹಾಕಿಸಿದವರು ಮಳೆಗಾಲದ ರಾತ್ರಿ ಪಕ್ಕದವರ ಮಾತೂ ಕೇಳಿಸದೆ ಕೂರಬೇಕಾಗುತ್ತದೆ. ಎರಡು ತಗಡಿನ ನಡುವೆ ಫೋಮ್ ಇರುವ ಪಫ್ ಪ್ಯಾನೆಲನ್ನೇ ಕೇಳಿ ತರಿಸಿ.