ಸ್ಕ್ವೇರ್ ಫೀಟಿಗೆ ಎಷ್ಟಾಗ್ತದೆ?

ತಾರಸಿಯ ಮೇಲೆ ಶೀಟಿನ ಮಾಡು, ಅಂದರೆ ಛಾವಣಿ, ಹಾಕುವುದು ನನ್ನ ಕೆಲಸ. ಫೋನ್ ಎತ್ತಿದ ಕೂಡಲೇ ಬರುವ ಮೊದಲ ಮಾತು ಇದೇ. ಮನೆ ಎಲ್ಲಿ, ತಾರಸಿ ಎಷ್ಟು ದೊಡ್ಡದು, ಪಕ್ಕದಲ್ಲಿ ಕರೆಂಟಿನ ಲೈನ್ ಉಂಟೋ ಇಲ್ಲವೋ, ಒಂದನ್ನೂ ಹೇಳುವುದಿಲ್ಲ. "ಶೀಟ್ ಹಾಕ್ಲಿಕ್ಕೆ ಸ್ಕ್ವೇರ್ ಫೀಟಿಗೆ ಎಷ್ಟಾಗ್ತದೆ?" ಮೊದಲೆಲ್ಲ ಬಾಯಿಗೆ ಬಂದ ರೇಟು ಹೇಳಿ ಕೈ ಸುಟ್ಟುಕೊಂಡಿದ್ದೇನೆ. ಈಗ "ಮೇಲೆ ಹತ್ತಿ ನೋಡಿಯೇ ಹೇಳುವುದು" ಎನ್ನುತ್ತೇನೆ. ಕೆಲವರು ಅಲ್ಲಿಗೇ ಫೋನ್ ಇಡುತ್ತಾರೆ. ಇಡಲಿ.

ನನ್ನ ಶೆಡ್ ಇರುವುದು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಅರ್ಧ ಕೆಲಸ ಕಾಸರಗೋಡು ಪೇಟೆಯಲ್ಲಿ, ಉಳಿದದ್ದು ಸುತ್ತಲಿನ ಪಂಚಾಯತುಗಳಲ್ಲಿ. ಅಜ್ಜನ ಕಾಲದಲ್ಲಿ ಸೋಗೆ, ಮುಳಿಹುಲ್ಲು. ಅಪ್ಪನ ಕಾಲಕ್ಕೆ ಹಂಚು ಬಂತು. ಆಮೇಲೆ ಎಲ್ಲರಿಗೂ ತಾರಸಿ ಬೇಕಾಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಲ್ಲಿ ಚಪ್ಪಟೆ ತಾರಸಿ ಎಷ್ಟು ದಿನ ಬಾಳೀತು? ಸೋರತೊಡಗಿತು. ಅದರ ಮೇಲೆ ಮತ್ತೆ ಇಳಿಜಾರು ಮಾಡು ಹಾಕುವವರು ಬೇಕಾದರು. ನನ್ನ ಹೊಟ್ಟೆಪಾಡು ಅಲ್ಲಿಂದ ಶುರು.

"ಇದಕ್ಕೆ ಲೈಸೆನ್ಸ್ ಉಂಟಾ?" ಎಂದು ಹೊಸ ಹುಡುಗರು ಕೇಳುತ್ತಾರೆ. ಮಾಡು ಹಾಕುವವನಿಗೆ ಅಂತಲೇ ಒಂದು ಲೈಸೆನ್ಸ್ ನಮ್ಮಲ್ಲಿಲ್ಲ. ಇರುವುದು ಬೇರೆ ಬೇರೆ ಕಡೆಯ ಚಿಲ್ಲರೆ ಕಾಗದಗಳು. ಪೈಪ್ ಕತ್ತರಿಸುವ, ವೆಲ್ಡಿಂಗ್ ಮಾಡುವ ಶೆಡ್ಡಿಗೆ ಪಂಚಾಯತ್ ಲೈಸೆನ್ಸ್ ಬೇಕು. ಅದಕ್ಕೆ ಮೊದಲು ಶೆಡ್ಡಿಗೊಂದು ಕಟ್ಟಡ ನಂಬರ್ ಇರಬೇಕು. ನಾನು ಸುರುವಿಗೆ ಮನೆ ಹಿಂದಿನ ಹಟ್ಟಿಯಲ್ಲೇ ಮೆಷಿನ್ ಇಟ್ಟಿದ್ದೆ. ನಂಬರ್ ಇಲ್ಲ, ಕರೆಂಟೂ ಮನೆಯದ್ದೇ. ಲೈಸೆನ್ಸಿಗೆ ಅರ್ಜಿ ಹಾಕಲು ಹೋದಾಗಲೇ ನನ್ನ ತಪ್ಪು ನನಗೆ ಗೊತ್ತಾದದ್ದು. ಬಾಡಿಗೆ ಶೆಡ್ ಹಿಡಿದು, ಇಂಡಸ್ಟ್ರಿಯಲ್ ಕನೆಕ್ಷನ್ ತೆಗೆದುಕೊಳ್ಳುವಷ್ಟರಲ್ಲಿ ಒಂದು ಸೀಸನ್ನೇ ಹೋಯಿತು. ಸರಕಾರಿ ಕೆಲಸ ಹಿಡಿಯುವ ಆಸೆ ಇದ್ದರೆ ಪಿಡಬ್ಲ್ಯುಡಿ ಕಾಂಟ್ರಾಕ್ಟರ್ ಲೈಸೆನ್ಸ್ ಬೇರೆ, ಅದರಲ್ಲಿ ಎ, ಬಿ, ಸಿ, ಡಿ ಎಂದು ದರ್ಜೆಗಳಿವೆ. ನಾನು ಆ ಕಡೆ ಹೋಗಲಿಲ್ಲ. ವರ್ಷದ ವ್ಯವಹಾರ 20 ಲಕ್ಷ ದಾಟಿದಾಗ ಜಿಎಸ್‌ಟಿ ಮಾಡಿಸಿದೆ. ನಮ್ಮ ಕೆಲಸಕ್ಕೆ 18 ಶೇಕಡಾ. ಶೀಟು ಹೆಚ್ಚಾಗಿ ಮಂಗಳೂರಿಂದಲೇ ತರುವುದು. ತಲಪಾಡಿ ಗಡಿ ದಾಟುವ ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸುವ ಆನ್‌ಲೈನ್ ಕಾಗದ, ಬೇಕು. 2017ಕ್ಕೆ ಮೊದಲು ಚೆಕ್‌ಪೋಸ್ಟಿನಲ್ಲಿ ಲಾರಿ ಕಾಯುತ್ತಿದ್ದ ದಿನ ನೆನೆದರೆ ಇದು ಸಸಾರ.

ಕಾಗದಪತ್ರ ಎಲ್ಲ ಮಲಯಾಳದಲ್ಲಿ ಎಂದು ಹೆದರಬೇಡಿ. ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನಿನಲ್ಲೇ ಕನ್ನಡಿಗರಿಗೆ ಕನ್ನಡದಲ್ಲಿ ಬರೆಯುವ ಹಕ್ಕಿದೆ. ನಾನು ಮನವಿಗಳನ್ನು ಕನ್ನಡದಲ್ಲೇ ಕೊಡುತ್ತೇನೆ. ಆನ್‌ಲೈನ್ ಅರ್ಜಿಯನ್ನು ಮಾತ್ರ ಮಲಯಾಳ ಓದಲು ಬರುವ ನನ್ನ ಮಗಳು ತುಂಬಿಸುತ್ತಾಳೆ.

ಇನ್ನು ಕಟ್ಟಡದ ಪರ್ಮಿಟ್. ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಕೆಲವರು ನಾಲ್ಕು ಹಂಚು ಬದಲಿಸಲೂ ಹೆದರುತ್ತಾರೆ. ಇಳಿಜಾರು ಮಾಡಿನ ಚಿಲ್ಲರೆ ರಿಪೇರಿಗೆ ಪರ್ಮಿಟ್ ಬೇಡ. ಇನ್ನು ಕೆಲವರು ತಾರಸಿಯ ಮೇಲೆ ಏನು ಕಟ್ಟಿದರೂ ಕೇಳುವವರಿಲ್ಲ ಎಂದುಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಒಬ್ಬ ನಿವೃತ್ತ ಮಾಷ್ಟ್ರ ಮನೆಗೆ ಹೋಗಿದ್ದೆ. 2,400 ಸ್ಕ್ವೇರ್ ಫೀಟಿನ ಎರಡು ಮಹಡಿ ಮನೆ. ತಾರಸಿ 1,200. ಮಗ ಬೆಂಗಳೂರಿಂದ ವಿಡಿಯೋ ಕಾಲ್‌ನಲ್ಲಿದ್ದ. "ಹೇಗೂ ಮಾಡು ಹಾಕ್ತೀರಲ್ವಾ, ಸುತ್ತ ಗೋಡೆ ಎಬ್ಬಿಸಿ ಎರಡು ರೂಮು ಮಾಡಿಬಿಡಿ" ಅಂದ.

"ಮಾಷ್ಟ್ರೇ, ಸುತ್ತ ತೆರೆದಿದ್ದರೆ ಇದು ಮಳೆಗೆ ಹಿಡಿದ ಕೊಡೆ. ಗೋಡೆ ಎದ್ದರೆ ಇನ್ನೊಂದು ಮಹಡಿ" ಎಂದೆ. "ಆಗ ಲೈಸೆನ್ಸ್ ಇರುವ ಎಂಜಿನಿಯರೋ ಸೂಪರ್‌ವೈಸರೋ ಪ್ಲಾನ್ ಹಾಕಿ ಸಹಿ ಮಾಡಬೇಕು. ಪರ್ಮಿಟ್ ಬೇಕು. ವರ್ಷದ ತೆರಿಗೆ ಏರ್ತದೆ. ಅಲ್ಲದೆ ನಿಮ್ಮ ಮನೆ 3,000 ದಾಟ್ತದೆ."

3,000 ಎಂದದ್ದು ಸುಮ್ನೆ ಅಲ್ಲ. ಕೇರಳದಲ್ಲಿ ಮನೆಯ ವಿಸ್ತೀರ್ಣ 278.7 ಚದರ ಮೀಟರ್, ಅಂದರೆ ಸುಮಾರು 3,000 ಸ್ಕ್ವೇರ್ ಫೀಟ್ ದಾಟಿದರೆ ಜನ ಲಕ್ಷುರಿ ಟ್ಯಾಕ್ಸ್ ಎನ್ನುವ ಹೆಚ್ಚುವರಿ ತೆರಿಗೆ ಬೀಳುತ್ತದೆ, ಅದೂ ಪ್ರತಿವರ್ಷ. ಮಾಷ್ಟ್ರು ಕನ್ನಡಕ ತೆಗೆದು ಒರೆಸಿ, "ಗೋಡೆ ಬೇಡ ಮಾರಾಯ" ಎಂದರು. ಮಗನ ಕಾಲ್ ಅಷ್ಟರಲ್ಲಿ ಕಟ್ಟಾಗಿತ್ತೋ, ಅವರೇ ಕಟ್ ಮಾಡಿದ್ದೋ ನಾನು ಕೇಳಲಿಲ್ಲ.

ತೆರೆದ ಮಾಡಿಗೂ ಎತ್ತರದ ಮಿತಿ ಇದೆ. ನಿಯಮ ಆಗಾಗ ತಿದ್ದುಪಡಿ ಆಗುವುದರಿಂದ ಪ್ರತಿ ಕೆಲಸಕ್ಕೂ ಮೊದಲು ಪಂಚಾಯತಿನ ಓವರ್ಸಿಯರ ಹತ್ತಿರ ಕೇಳಿಯೇ ಕಂಬ ಕತ್ತರಿಸುತ್ತೇನೆ. ಕತ್ತರಿಸಿದ ಪೈಪನ್ನು ಉದ್ದ ಮಾಡಲಿಕ್ಕೆ ಆಗುವುದಿಲ್ಲವಲ್ಲ. ಅರ್ಜಿಗಳೆಲ್ಲ ಈಗ ಕೆ-ಸ್ಮಾರ್ಟ್ ಎಂಬ ಸರಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ. ನಗರಸಭೆಗಳಿಗೆ 2024ರ ಜನವರಿಯಲ್ಲಿ ಬಂತು, ಪಂಚಾಯತುಗಳಿಗೆ 2025ರಲ್ಲಿ.

ಮಾಷ್ಟ್ರ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಪೈಪು 1,050 ಕಿಲೋ, ಕಿಲೋಗೆ 70ರ ಹಾಗೆ 73,500. ಶೀಟು 1,300 ಸ್ಕ್ವೇರ್ ಫೀಟ್, 48ರ ಹಾಗೆ 62,400. ಸ್ಕ್ರೂ, ಮೂಲೆಗೆ ಹಾಕುವ ಶೀಟು, ಪೈಂಟ್, ಆಂಕರ್ ಬೋಲ್ಟ್ ಎಲ್ಲ ಸೇರಿ 12,000. ಕೂಲಿ 30,000. ಒಟ್ಟು 1,77,900. ಇದಕ್ಕೆ ನನ್ನ ಲಾಭ ಸೇರಿಸಿ ಸ್ಕ್ವೇರ್ ಫೀಟಿಗೆ 165 ಹೇಳಿದೆ, ಜಿಎಸ್‌ಟಿ ಬೇರೆ. ಅದೇ ತಾರಸಿಗೆ ಇನ್ನೊಬ್ಬರು 125 ಹೇಳಿದ್ದರಂತೆ. ಹೇಳಬಹುದು. ಶೀಟು 0.50ರ ಬದಲು 0.35 ಎಂಎಂ, ಪೈಪು 2 ಎಂಎಂ ಬದಲು ತೆಳುವಿನದ್ದು ಹಾಕಿದರೆ ಆಯಿತು. ಕೆಳಗೆ ನಿಂತು ನೋಡಿದರೆ ಎರಡೂ ಒಂದೇ ಬಣ್ಣ. ನಾನು ಜೇಬಿನಲ್ಲಿ ದಪ್ಪ ಅಳೆಯುವ ಸ್ಕ್ರೂ ಗೇಜ್ ಇಟ್ಟುಕೊಂಡೇ ಮಾತಾಡುವುದು. ಅಲ್ಯೂಮಿನಿಯಂ–ಸತುವಿನ ಲೇಪನವನ್ನೂ ಕೇಳಿ ನೋಡಿ: ಎಝಡ್ 150 ಎಂದರೆ ಚದರ ಮೀಟರಿಗೆ 150 ಗ್ರಾಂ. ಎಝಡ್ 70 ಅದರ ಅರ್ಧಕ್ಕೂ ಕಡಿಮೆ. ಕಡಲ ಬದಿಯ ಉಪ್ಪುಗಾಳಿಗೆ ಅದು ತಡೆಯುವುದಿಲ್ಲ.

1,200ರ ಮಾಡಿಗೆ 1,300ರ ಶೀಟು ಯಾಕೆ ಎಂದು ಮಾಷ್ಟ್ರೂ ಕೇಳಿದ್ದರು. ಮೂರೂವರೆ ಅಡಿ ಅಗಲದ ಶೀಟು ಒಂದರ ಮೇಲೊಂದು ಕೂತಾಗ ಸಿಗುವುದು ಒಂದೇ ಮೀಟರ್, ಅಂದರೆ ಮೂರೂಕಾಲು ಅಡಿ ಚಿಲ್ಲರೆ.

ಆ ಕೂರಿಸುವುದರಲ್ಲೇ ನಾನು ಒಮ್ಮೆ ಮರ್ಯಾದೆ ಕಳೆದುಕೊಂಡದ್ದು. ಶುರುವಿನ ವರ್ಷಗಳು. ಪತ್ತನಾಜೆ, ಅಂದರೆ ನಮ್ಮಲ್ಲಿ ಮಳೆಗಾಲದ ಹೊಸ್ತಿಲಿನ ದಿನ, ಹತ್ತಿರ ಬಂದಿತ್ತು, ಮಳೆಗೆ ಮೊದಲು ಮುಗಿಸುವ ಗಡಿಬಿಡಿ. ಶೀಟು ಏರಿಸಲು ಸುಲಭ ಎಂದು ತೆಂಕು ಬದಿಯಿಂದ ಹಾಕುತ್ತಾ ಬಂದೆ. ಹಾಗಾಗಿ ಒಂದೊಂದು ಜೋಡಣೆಯ ಬಾಯಿಯೂ ತೆಂಕಿಗೇ ತೆರೆದುಕೊಂಡಿತು. ನಮ್ಮಲ್ಲಿ ಮಳೆಗಾಳಿ ಬೀಸುವುದು ತೆಂಕು–ಪಡುವಣದಿಂದ. ಸ್ಕ್ರೂ ಕೂಡ ಶೀಟಿನ ಒಂದು ಏಣು (ಉಬ್ಬು) ಬಿಟ್ಟು ಒಂದಕ್ಕೆ ಹಾಕಿದ್ದೆ. ಮೇ ಕೊನೆಯ ಒಂದು ಗಾಳಿಗೆ ಮೂರು ಶೀಟು ಎದ್ದು, ಒಂದು ಹೋಗಿ ಪಕ್ಕದ ತೋಟದ ಅಡಿಕೆ ಮರಕ್ಕೆ ನೇತಾಡಿತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಮರುದಿನ ಪೂರ್ತಿ ಬಿಚ್ಚಿ, ಬಡಗಿನಿಂದ ಶುರು ಮಾಡಿ ಮತ್ತೆ ಹಾಕಿಕೊಟ್ಟೆ, ನನ್ನದೇ ಖರ್ಚಿನಲ್ಲಿ. ಈಗ ಸ್ಕ್ರೂವಿನ ರಬ್ಬರ್ ವಾಷರನ್ನೂ ಕೈಯಲ್ಲಿ ಒತ್ತಿ ನೋಡಿ ತರುತ್ತೇನೆ. ಮೆಷಿನ್ ಜಾಸ್ತಿ ಬಿಗಿದು ವಾಷರ್ ಒಡೆದರೆ ಅಲ್ಲಿಂದಲೇ ಹನಿ.

ಕಂಬ ನಿಲ್ಲಿಸಲು ತಾರಸಿಗೆ ತೂತು ಕೊರೆಯುವುದೂ ಹಾಗೆಯೇ. ಸೋರುವುದನ್ನು ನಿಲ್ಲಿಸಲು ಬಂದವನೇ ಸೋರುವ ದಾರಿ ಮಾಡಿಕೊಟ್ಟ ಹಾಗೆ. ಆದಷ್ಟು ಕೆಳಗೆ ಗೋಡೆ, ಬೀಮು ಇರುವ ಜಾಗದಲ್ಲೇ ಪ್ಲೇಟ್ ಕೂರಿಸಿ, ಸುತ್ತ ನಾಲ್ಕಿಂಚು ಕಾಂಕ್ರೀಟ್ ಕಟ್ಟುತ್ತೇನೆ. ಮಾಡಿನ ಅಂಚು ಪಕ್ಕದವರ ಬೇಲಿಯ ಕಡೆಗಿದ್ದರೆ ನೀರು ಹಿಡಿಯಲು ಪಾತಿ ಬೇಕೇ ಬೇಕು. ಹಿಂದೆ ಸೀಳಿದ ಅಡಿಕೆ ಮರದ ದಂಬೆ ಕಟ್ಟುತ್ತಿದ್ದರು, ಈಗ ಪಿವಿಸಿ. ಅದರ ಖರ್ಚು ಉಳಿಸಲು ಹೋಗಿ ನೆರೆಕರೆಯವರು ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಹುಡುಗರ ವಿಷಯ. ಪೈಪು ಬರುವುದು 6 ಮೀಟರ್ ಉದ್ದದಲ್ಲಿ. ತಾರಸಿಯ ಮೇಲೆ ಅದನ್ನು ನೆಟ್ಟಗೆ ಎತ್ತಿ ತಿರುಗಿಸಿದರೆ ಎಲ್ಲಿಗೆ ತಾಗೀತು ಎಂದು ಮೊದಲು ನೋಡಬೇಕು. ಕರೆಂಟಿನ ಲೈನ್ ಹತ್ತಿರ ಇದ್ದರೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೆ ಹೋಗಿ ಬರೆದುಕೊಟ್ಟು, ಲೈನ್ ಆಫ್ ಮಾಡಿಸಿದ ಮೇಲೆಯೇ ಪೈಪು ಮೇಲೇರುವುದು. ಅರ್ಧ ದಿನ ಹೋಗಲಿ. ನನ್ನ ನಾಲ್ವರಲ್ಲಿ ಇಬ್ಬರು ಬಂಗಾಳದವರು. ಅವರಿಗೂ ಸೇರಿಸಿ ಕಾರ್ಮಿಕರ ಇನ್ಶೂರೆನ್ಸ್ ಪಾಲಿಸಿ ಮಾಡಿಸಿದ್ದೇನೆ. ಜೊತೆಗೆ ಬ್ಯಾಂಕಿನ 20 ರೂಪಾಯಿಯ ಸುರಕ್ಷಾ ಬಿಮೆ, ಅದರಲ್ಲಿ ಅಪಘಾತಕ್ಕೆ 2 ಲಕ್ಷ. ಇದೂ ನನ್ನ 165ರ ಒಳಗೇ ಇದೆ, 125ರಲ್ಲಿ ಇತ್ತೋ ಇಲ್ಲವೋ.

ದುಡ್ಡನ್ನು ನಾಲ್ಕು ಕಂತಿನಲ್ಲಿ ತೆಗೆದುಕೊಳ್ಳುತ್ತೇನೆ. ಮಾಲು ತರುವ ಮೊದಲು ಅರ್ಧ, ಪೈಪಿನ ಕೆಲಸ ಆದಾಗ, ಶೀಟು ಕೂತಾಗ. ಕೊನೆಯ 5,000 ಮಾತ್ರ ಮೊದಲ ದೊಡ್ಡ ಮಳೆ ಕಳೆದ ಮೇಲೆ. ನಾನೇ ಹೋಗಿ ನೋಡಿ ಕೇಳುವುದು. ಮಾಷ್ಟ್ರ ಮನೆಗೆ ಜೂನ್‌ನಲ್ಲಿ ಹೋದಾಗ ತಾರಸಿ ತುಂಬ ಹಳೇ ಅಡಿಕೆ ಹರವಿತ್ತು. ಒಂದು ಮೂಲೆಯಲ್ಲಿ ಬೆಳಕಿಗೆಂದು ಎರಡು ಪಾರದರ್ಶಕ ಶೀಟು ಹಾಕಿದ್ದೆ. ಅದರ ಕೆಳಗೆ ಅವರು ಕುರ್ಚಿ ಹಾಕಿ ಕೂತು ಪೇಪರ್ ಓದುತ್ತಿದ್ದರು. "ಒಂದು ಕಡೆ ಹನಿ ಬೀಳ್ತದೆ, ನೋಡು" ಎಂದು ತೋರಿಸಿದರು. ಒಂದು ಸ್ಕ್ರೂ ಪೈಪಿಗೆ ಸಿಗದೆ ಬರಿದೇ ಶೀಟಿಗೆ ತೂತು ಮಾಡಿ ಕೂತಿತ್ತು. ಏಣಿ ತಂದು, ಅದನ್ನು ತೆಗೆದು, ತೂತಿಗೆ ಸೀಲೆಂಟ್ ತುಂಬಿ, ಎರಡು ಇಂಚು ಆಚೆ ಇನ್ನೊಂದು ಹಾಕಿದೆ. ದುಡ್ಡು ಮುಂದಿನ ಮಳೆಗೆ ಎಂದರು. ಸರಿ ಎಂದು ಚಾ ಕುಡಿದು ಬಂದೆ.